ಹತ್ತು ಜನರ ಹೆಸರು, ಒಬ್ಬನ ಬೈಂಡಿಂಗು

(ಪದವಿ ವಿದ್ಯಾರ್ಥಿಗಳ ಅಧ್ಯಯನ ಕೂಟವೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ನನ್ನನ್ನು ಇಲ್ಲಿಗೆ ಕರೆದವರ ಧೈರ್ಯಕ್ಕೆ ಮೊದಲು ನಮಸ್ಕಾರ. ನಾನು ಓದಿದ್ದು ಪಿಯುಸಿ. ಅದೂ ಆರ್ಟ್ಸು. ನೀವು ಬಿ.ಎ., ಬಿ.ಕಾಂ. ಓದುತ್ತಿರುವವರು. ವಿಶ್ವವಿದ್ಯಾಲಯದಲ್ಲಿ ಸಮಾಜವಿಜ್ಞಾನವನ್ನು ಹೇಗೆ ಕಲಿಸಬೇಕು ಅಂತ ಮಾತಾಡುವ ಯೋಗ್ಯತೆ ಈ ಪ್ರೆಸ್ಸಿನವನಿಗೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಕೇಳಲೇಬೇಕು. ನನಗಿರುವ ಯೋಗ್ಯತೆ ಒಂದೇ. ನಿಮ್ಮ ಪ್ರಾಜೆಕ್ಟ್ ರಿಪೋರ್ಟುಗಳನ್ನು ನಿಮ್ಮ ಮೇಷ್ಟ್ರುಗಳಿಗಿಂತ ಮೊದಲು ನೋಡುವವನು ನಾನು. ಡಿಟಿಪಿ ಮಾಡುವವನು ನಾನು, ಸ್ಪೈರಲ್ ಹಾಕುವವನು ನಾನು. ಹೋದ ವರ್ಷದ ರಿಪೋರ್ಟಿನಲ್ಲಿ ಹೆಸರು ಮಾತ್ರ ಬದಲಾಯಿಸಿ "ಅಣ್ಣಾ, ಬೇಗ ಐದು ಕಾಪಿ" ಅನ್ನುವವರನ್ನು ನಾನು ಬಲ್ಲೆ. ಇಲ್ಲೂ ಇಬ್ಬರು ಮೂವರು ಕಾಣಿಸುತ್ತಿದ್ದಾರೆ. ಹೆದರಬೇಡಿ, ಹೆಸರು ಹೇಳುವುದಿಲ್ಲ. ಗಿರಾಕಿಯ ಗುಟ್ಟು ಕಾಪಾಡುವುದು ನಮ್ಮ ಕಸುಬಿನ ಮರ್ಯಾದೆ.

ನಾನು ಓದಿದ ಕಾಲದಲ್ಲಿ ಪಾಠವೆಂದರೆ ನೋಟ್ಸು. ಮೇಷ್ಟ್ರು ಹಳದಿಗಟ್ಟಿದ ಹಾಳೆ ಹಿಡಿದು ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಕಾಮಾ, ಫುಲ್‌ಸ್ಟಾಪು ಕೂಡ ಅವರೇ ಹೇಳುತ್ತಿದ್ದರು. ನನ್ನ ಪಕ್ಕದವನೊಬ್ಬ "ಸಮಾಜವೆಂದರೆ ಸಂಬಂಧಗಳ ಜಾಲ ಫುಲ್‌ಸ್ಟಾಪ್" ಅಂತ ಅಕ್ಷರದಲ್ಲೇ ಬರೆದುಕೊಂಡಿದ್ದ. ಪರೀಕ್ಷೆಯಲ್ಲೂ ಹಾಗೇ ಬರೆದು ಬಂದ. ಪಾಸೂ ಆದ. ಆ ಎರಡು ವರ್ಷದಲ್ಲಿ ತರಗತಿಯೊಳಗೆ ನಾನು ಆಡಿದ ಮಾತು "ಎಸ್ ಸಾರ್" ಒಂದೇ, ಅದೂ ಹಾಜರಿಗೆ.

ಆಮೇಲೆ ಅಪ್ಪನ ಪ್ರೆಸ್ಸಿಗೆ ಬಂದೆ. ಆಗ ಇನ್ನೂ ಅಚ್ಚುಮೊಳೆ ಜೋಡಿಸುವ ಕೆಲಸ ಪೂರ್ತಿ ನಿಂತಿರಲಿಲ್ಲ. ಅಲ್ಲಿ ನಾನು ನೋಡಿದ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಕರಡು ತಿದ್ದುವಾಗ ಇಬ್ಬರು ಕೂರುತ್ತಿದ್ದರು. ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಪ್ರೂಫಿನ ಮೇಲೆ ಕಣ್ಣಿಟ್ಟಿರಬೇಕು. ಒಬ್ಬನೇ ಕೂತು ಓದಿದರೆ ಕಣ್ಣು ಮೋಸ ಮಾಡುತ್ತದೆ. ಇಲ್ಲದ ಅಕ್ಷರವನ್ನು ಇದೆ ಅಂದುಕೊಂಡು ಮುಂದೆ ಹೋಗುತ್ತದೆ. ಇನ್ನೊಬ್ಬರಿಗೆ ಕೇಳುವಂತೆ ಓದಿದಾಗಲೇ ತಪ್ಪು ಎದ್ದು ಬರುವುದು. ಓದುವವನಿಗೆ ಅರ್ಥವಾಗದ ಸಾಲು ಬಂದರೆ ನಾಲಿಗೆ ತಾನಾಗಿ ತಡವರಿಸುತ್ತಿತ್ತು. ಅಪ್ಪ ಅನ್ನುತ್ತಿದ್ದರು, "ಅಲ್ಲಿ ಏನೋ ಇದೆ, ನಿಲ್ಲಿಸಿ ನೋಡು." ಕಾಲೇಜು ಕಲಿಸದ್ದನ್ನು ಆ ಮುರುಕು ಬೆಂಚು ಕಲಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರೆಸ್ಸಿನಲ್ಲಿ ಸಂಜೆ ಹೊತ್ತು ಕೆಲಸ ಮಾಡುವ ಒಬ್ಬ ಹುಡುಗನಿದ್ದಾನೆ. ಶಿರಾ ಕಡೆಯ ಹಳ್ಳಿಯವನು. ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ.ಗೆ ಸೇರಿದ್ದ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಕನ್ನಡ ಮಾಧ್ಯಮ. ಚುರುಕು ಹುಡುಗ, ಕಾಗದ ಕತ್ತರಿಸುವ ಲೆಕ್ಕ ಬಾಯಲ್ಲೇ ಹಾಕುತ್ತಾನೆ. ಒಂದು ಸಂಜೆ ಹತ್ತು ಜನರ ಹೆಸರಿದ್ದ ಒಂದು ರಿಪೋರ್ಟು ತಂದ. ವಿಷಯ ವಲಸೆ. ಹತ್ತನೆಯ ಹೆಸರು ಅವನದು.

"ಇದರಲ್ಲಿ ನೀನು ಬರೆದದ್ದು ಯಾವುದೋ?" ಅಂದೆ.

"ನನ್ನ ಕೆಲಸ ಬೈಂಡಿಂಗು ಅಣ್ಣಾ" ಅಂದ.

ಅವನು ತಮಾಷೆಗೆ ಹೇಳಿದ್ದಲ್ಲ. ಗುಂಪಿನವರು ಕೆಲಸ ಹಂಚಿಕೊಂಡಿದ್ದರಂತೆ. ಇಂಗ್ಲಿಷ್ ಬರುವ ಇಬ್ಬರು ಬರೆಯುವುದು, ಒಬ್ಬಳು ಮುಂದೆ ನಿಂತು ಹೇಳುವುದು, ಇವನು ಪ್ರೆಸ್ಸಿನಲ್ಲಿರುವುದರಿಂದ ಪುಕ್ಕಟೆ ಬೈಂಡಿಂಗ್ ಮಾಡಿಸಿ ತರುವುದು, ಉಳಿದವರು ಚಪ್ಪಾಳೆ ತಟ್ಟುವುದು. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದ ಮನೆಯ ಹುಡುಗ ಅವನು. ವಲಸೆಯ ಬಗ್ಗೆ ಆ ಹತ್ತು ಜನರಲ್ಲಿ ಬಾಯಿ ಬಿಟ್ಟು ಹೇಳುವುದಿದ್ದದ್ದೇ ಅವನಿಗೆ. ಅವನ ಪಾಲಿಗೆ ಬಂದದ್ದು ಪ್ಲಾಸ್ಟಿಕ್ ಸುರುಳಿ!

ಅದಾದ ಮೇಲೆ ಒಂದು ದಿನ, "ಅಣ್ಣಾ, ಕಾಲೇಜು ಬಿಡ್ತೀನಿ, ಫುಲ್ ಟೈಮ್ ಇಲ್ಲೇ ಸೇರ್ಕೋತೀನಿ" ಅಂದ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಖುಷಿಯೇ ಆಯಿತು. ಮದುವೆ ಕಾರ್ಡಿನ ಸೀಜನ್ನು, ಕೈ ಸಾಲುತ್ತಿರಲಿಲ್ಲ. "ನಾಳೆಯಿಂದ ಬಾ" ಅಂತ ಬಾಯಿಗೆ ಬಂದಿತ್ತು. ರಾತ್ರಿ ಮನೆಗೆ ಹೋಗಿ ಮಲಗಿದ ಮೇಲೆ ನಾಚಿಕೆಯಾಯಿತು. ಕನ್ನಡದ ಹುಡುಗರು ಮುಂದೆ ಬರಬೇಕು ಅಂತ ಬ್ಯಾನರ್ ಅಚ್ಚು ಹಾಕುವವನು ನಾನೇ, ಒಬ್ಬ ಹಿಂದೆ ಬಿದ್ದರೆ ಲಾಭ ಎಣಿಸಿದವನೂ ನಾನೇ.

ಅವನ ಮೇಷ್ಟ್ರು ನನಗೆ ಪರಿಚಯವಾದದ್ದು ಆ ತಿಂಗಳಲ್ಲೇ. ಗುಂಪು ಪಾಠದ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಿಕೆ ಬರೆದು ಅಚ್ಚಿಗೆ ತಂದಿದ್ದರು. ಸಹೋದ್ಯೋಗಿಗಳಿಗೆ ಹಂಚುವುದಕ್ಕೆ, ಸ್ವಂತ ಖರ್ಚಿನಲ್ಲಿ. ಒಳ್ಳೆಯ ಮನುಷ್ಯ. ನಾನು ಸುಮ್ಮನಿರಲಾಗದೆ ಕೇಳಿಬಿಟ್ಟೆ, "ಸಾರ್, ಹತ್ತು ಜನ ಕೆಲಸ ಹಂಚಿಕೊಂಡು ಮಾಡಿದರೆ ಅದು ಕಲಿಯುವುದೋ, ಕಂಟ್ರಾಕ್ಟೋ?"

ಅವರಿಗೆ ಒಂದು ಫಾರಂ ತೋರಿಸಿದೆ. ಪುಸ್ತಕ ಅಚ್ಚಾಗುವುದು ಪುಟಪುಟವಾಗಿ ಅಲ್ಲ. ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಒಟ್ಟಿಗೆ ಅಚ್ಚಾಗುತ್ತದೆ. ಆ ಹಾಳೆಯನ್ನು ಬಿಡಿಸಿ ನೋಡಿದರೆ ಒಂದನೇ ಪುಟದ ಪಕ್ಕದಲ್ಲಿ ಹದಿನಾರನೇ ಪುಟ ಇರುತ್ತದೆ, ಕೆಲವು ಪುಟ ತಲೆಕೆಳಗಾಗಿರುತ್ತವೆ. ಒಬ್ಬ ಮಡಿಸುತ್ತಾನೆ, ಒಬ್ಬಳು ಜೋಡಿಸುತ್ತಾಳೆ, ಒಬ್ಬ ಹೊಲಿಯುತ್ತಾನೆ. ಪುಸ್ತಕ ತಯಾರಾಗುತ್ತದೆ. ಆದರೆ ಆ ಪುಸ್ತಕದಲ್ಲಿ ಏನಿದೆ ಅಂತ ನಮ್ಮ ಬೈಂಡಿಂಗ್ ಕೋಣೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ! ಪುಸ್ತಕ ಮಾಡುವುದಕ್ಕೆ ಅದು ಸರಿ. ಪುಸ್ತಕ ಓದುವುದಕ್ಕೆ ಅದೇ ಪದ್ಧತಿ ಹಿಡಿದರೆ ಏನು ಗತಿ? ನೀವು ಮಾಡಿಸುತ್ತಿರುವ ಗುಂಪು ಕೆಲಸ ಇದೇ ಅಲ್ಲವೇ ಸಾರ್ ಅಂದೆ.

ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. ನಕ್ಕು, "ಇದನ್ನೇ ನಾನು ಇಪ್ಪತ್ತನೇ ಪುಟದಲ್ಲಿ ಬರೆದಿದ್ದೀನಿ, ನಾನೇ ಪಾಲಿಸಿಲ್ಲ" ಅಂದರು.

ಆ ಪುಸ್ತಿಕೆಯ ಪ್ರೂಫ್ ನೋಡುತ್ತಾ ನಾನು ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಮ್ಯಾಕ್ಸ್ ರಿಂಗಲ್‌ಮನ್ ಅಂತ ಫ್ರಾನ್ಸಿನಲ್ಲಿ ಒಬ್ಬ ಕೃಷಿ ಎಂಜಿನಿಯರ್ ಇದ್ದ. 1880ರ ದಶಕದಲ್ಲಿ ಅವನು ಜನರಿಂದ ಹಗ್ಗ ಎಳೆಸಿ ಬಲ ಅಳೆದ. ಅದು ಪ್ರಕಟವಾದದ್ದು 1913ರಲ್ಲಿ. ಒಬ್ಬನೇ ಎಳೆದಾಗ ಹಾಕುವ ಬಲವನ್ನು ಮನುಷ್ಯ ಗುಂಪಿನಲ್ಲಿ ಹಾಕುವುದಿಲ್ಲ. ಎಂಟು ಜನ ಸೇರಿ ಎಳೆದಾಗ ತಲಾ ಬಲ ಸುಮಾರು ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಅಮೆರಿಕದಲ್ಲಿ ಬಿಬ್ ಲಟಾನೆ ಮತ್ತು ಜೊತೆಯವರು ಚಪ್ಪಾಳೆ, ಕೂಗಾಟದ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, "ನಿನ್ನ ಜೊತೆ ಇನ್ನೂ ಐದು ಜನ ಕೂಗುತ್ತಿದ್ದಾರೆ" ಅಂತ ನಂಬಿಸಿದರೆ ಸಾಕು, ಒಬ್ಬನೇ ಇದ್ದವನ ದನಿಯೂ ಇಳಿಯುತ್ತಿತ್ತು. ಎಲ್ಲರೂ ಕೂಗುತ್ತಾರಲ್ಲ, ನನ್ನದೇನು? ಮೆರವಣಿಗೆಯಲ್ಲಿ ಘೋಷಣೆ ಕೂಗಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ "ನಿನ್ನ ದನಿಯನ್ನು ಬೇರೆಯಾಗಿ ಅಳೆಯುತ್ತೇವೆ" ಅಂತ ಹೇಳಿದಾಗ ಸೋಮಾರಿತನ ಮಾಯವಾಯಿತು ಅಂತ ಅದೇ ಪಂಗಡದವರ ಮುಂದಿನ ಪ್ರಯೋಗದಲ್ಲಿ ಗೊತ್ತಾಯಿತು. ಅಂದರೆ ತಪ್ಪು ಹುಡುಗರ ಸ್ವಭಾವದ್ದಲ್ಲ, ಗುಂಪು ಕಟ್ಟಿದ ರೀತಿಯದು.

ಇನ್ನೊಂದು ಕಥೆ ನನ್ನನ್ನು ಬಹಳ ಹಿಡಿಯಿತು. 1971ರಲ್ಲಿ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರ. ಅಲ್ಲಿಯವರೆಗೆ ಬೇರೆ ಬೇರೆ ಶಾಲೆಯಲ್ಲಿದ್ದ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳು ಆಗಷ್ಟೇ ಒಂದೇ ಶಾಲೆಗೆ ಬಂದಿದ್ದರು. ದಿನಾ ಹೊಡೆದಾಟ. ಎಲಿಯಟ್ ಆರನ್‌ಸನ್ ಎಂಬ ಮನೋವಿಜ್ಞಾನಿಯನ್ನು ಕರೆಸಿದರು. ಅವರು ಮಾಡಿದ್ದು ಸರಳ. ಪಾಠವನ್ನು ತುಂಡು ಮಾಡಿ ಐದಾರು ಮಕ್ಕಳ ಗುಂಪಿನಲ್ಲಿ ತಲಾ ಒಂದೊಂದು ತುಂಡು ಕೊಟ್ಟರು. ಬೇರೆಯವರ ತುಂಡು ನಿನ್ನ ಕೈಗೆ ಸಿಗುವುದಿಲ್ಲ, ಅವರ ಬಾಯಿಂದಲೇ ಕೇಳಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ, ಒಬ್ಬೊಬ್ಬರಿಗೂ ಬೇರೆ ಬೇರೆ.

ಒಂದು ಗುಂಪಿನಲ್ಲಿ ಒಬ್ಬ ಹುಡುಗ. ಪುಸ್ತಕದಲ್ಲಿ ಅವನಿಗೆ ಕಾರ್ಲೋಸ್ ಎಂದು ಹೆಸರಿಟ್ಟಿದ್ದಾರೆ. ಮನೆಮಾತು ಸ್ಪ್ಯಾನಿಷ್, ಇಂಗ್ಲಿಷ್ ತಡವರಿಸುತ್ತಿತ್ತು. ಅವನು ಬಾಯಿ ತೆರೆದರೆ ಉಳಿದವರು ನಗುತ್ತಿದ್ದರು, ದಡ್ಡ ಅನ್ನುತ್ತಿದ್ದರು. ಆದರೆ ಈಗ ಒಂದು ತುಂಡು ಅವನ ಹತ್ತಿರವೇ ಇದೆ. ಅವನನ್ನು ಅಣಕಿಸಿದರೆ ಇವರಿಗೇ ನಷ್ಟ. ಕೆಲವು ದಿನ ಹಾಳಾದ ಮೇಲೆ ಮಕ್ಕಳು ಅವನಿಗೆ ನಿಧಾನವಾಗಿ, ಸರಿಯಾಗಿ ಪ್ರಶ್ನೆ ಕೇಳುವುದನ್ನು ಕಲಿತರು. ಕೇಳಿದ ಮೇಲೆ ಅವನು ದಡ್ಡನಲ್ಲ ಅಂತ ಗೊತ್ತಾಯಿತು. ಆ ದಿನ ಅವರು ಓದುತ್ತಿದ್ದ ಪಾಠ ಯಾರದು ಗೊತ್ತೇ? ಪತ್ರಿಕೆಯ ದೊರೆ ಜೋಸೆಫ್ ಪುಲಿಟ್ಜರ್ ಜೀವನ. ಆ ಪುಲಿಟ್ಜರ್ ಕೂಡ ಹಂಗೆರಿಯಿಂದ 1864ರಲ್ಲಿ ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಸರಿಯಾಗಿ ಬಾರದ ಹುಡುಗನೇ! ಅವನು ಪತ್ರಿಕಾ ಕೆಲಸ ಶುರು ಮಾಡಿದ್ದು ಸೇಂಟ್ ಲೂಯಿಸ್‌ನ ಒಂದು ಜರ್ಮನ್ ಭಾಷೆಯ ಪತ್ರಿಕೆಯಲ್ಲಿ. ಅಚ್ಚುಮನೆಯವನಾದ ನನಗೆ ಇದನ್ನು ಓದಿ ಆದ ಸಂತೋಷ ಅಷ್ಟಿಷ್ಟಲ್ಲ.

ಅದು ಚಿಕ್ಕ ಮಕ್ಕಳ ಶಾಲೆ. ನಮ್ಮ ಮೇಷ್ಟ್ರ ಮುಂದಿದ್ದದ್ದು ಎಂಬತ್ತು ಜನರ ಬಿ.ಎ. ತರಗತಿ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಬೆಂಚು, ಒಂದು ಗಂಟೆಯ ಪೀರಿಯಡ್ಡು. ಗುಂಪು ಮಾಡಿಕೊಳ್ಳಿ ಅಂದರೆ ಹಾಸ್ಟೆಲಿನವರು ಒಂದು ಕಡೆ, ಸ್ಕೂಟಿಯಲ್ಲಿ ಬರುವವರು ಒಂದು ಕಡೆ. ಮಧ್ಯಾಹ್ನ ಯಾರ ಡಬ್ಬಿ ಯಾರು ಹಂಚಿಕೊಳ್ಳುತ್ತಾರೋ ಅದೇ ಗುಂಪು. ಜಾತಿಯ ಹೆಸರು ಯಾರೂ ಎತ್ತುವುದಿಲ್ಲ, ಗುಂಪು ಮಾತ್ರ ಅದರ ಪ್ರಕಾರವೇ ಆಗುತ್ತದೆ. ಅದಕ್ಕೇ ಮೇಷ್ಟ್ರು ಎರಡನೇ ಸಲ ಆಯ್ಕೆಯನ್ನು ಹುಡುಗರಿಗೆ ಬಿಡಲಿಲ್ಲ. ಹಾಜರಿ ಪಟ್ಟಿ ಇಟ್ಟುಕೊಂಡು ಬೆರೆಸಿ, ಐದೈದು ಜನರ ಹದಿನಾರು ಗುಂಪು ಮಾಡಿದರು. ನೋಡಿ, ಇಲ್ಲೂ ಹದಿನಾರು!

ವಲಸೆಯ ಪಾಠವನ್ನು ಐದು ತುಂಡು ಮಾಡಿದರು. ಊರು ಬಿಡುವ ಕಾರಣ ಒಂದು, ನಗರದಲ್ಲಿ ಸಿಗುವ ಕೆಲಸ ಒಂದು, ವಲಸೆಯ ಲೆಕ್ಕ ಒಂದು, ಭಾಷೆ ಮತ್ತು ಮಕ್ಕಳ ಶಾಲೆ ಒಂದು, ಊರಿಗೆ ಹೋಗುವ ದುಡ್ಡು ಒಂದು. ಒಂದೇ ತುಂಡು ಸಿಕ್ಕವರು ಮೊದಲು ನಾಲ್ಕು ನಾಲ್ಕು ಜನ ಕೂಡಿ ಅದನ್ನು ಅರಗಿಸಿಕೊಳ್ಳಬೇಕು. ಆಮೇಲೆ ತಮ್ಮ ಗುಂಪಿಗೆ ವಾಪಸ್ಸು ಬಂದು ಉಳಿದ ನಾಲ್ವರಿಗೆ ಹೇಳಿಕೊಡಬೇಕು. ಕೊನೆಯಲ್ಲಿ ಗುಂಪಿನ ಪರವಾಗಿ ಯಾರು ಎದ್ದು ಮಾತಾಡಬೇಕು ಅನ್ನುವುದು ಚೀಟಿ ಎತ್ತಿ ತೀರ್ಮಾನ. ಯಾರ ಚೀಟಿ ಬರುತ್ತದೋ ಮೊದಲೇ ಗೊತ್ತಿಲ್ಲ, ಹಾಗಾಗಿ ಯಾರೂ ಬೈಂಡಿಂಗ್ ಮಾಡಿಕೊಂಡು ಕೂರುವ ಹಾಗಿಲ್ಲ. ತುಂಡುಗಳನ್ನು ಅಚ್ಚು ಹಾಕಿಕೊಟ್ಟವನು ನಾನೇ. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಬೇಕೆಂದೇ ಹಾಗೆ ಮಾಡಿದ್ದು.

ನಮ್ಮ ಹುಡುಗನ ಗುಂಪಿನಲ್ಲಿ ಒಬ್ಬ ಹುಡುಗಿ, ಹುಟ್ಟಿದ್ದು ಬೆಳೆದದ್ದು ಬೆಂಗಳೂರು, ಓದಿದ್ದು ಕಾನ್ವೆಂಟು. ಕನ್ನಡ ಮಾತಾಡುತ್ತಾಳೆ, ಓದುವುದು ಕಷ್ಟ. ಅವಳ ತುಂಡು ಇಂಗ್ಲಿಷಿನಲ್ಲಿತ್ತು, ಇವನದು ಕನ್ನಡದಲ್ಲಿ. ಇವನ ತುಂಡಿನಲ್ಲಿ "ವಿಕರ್ಷಕ ಅಂಶಗಳು", "ಆಕರ್ಷಕ ಅಂಶಗಳು" ಅಂತ ಇತ್ತು. ಅವಳಿಗೆ ಅರ್ಥವಾಗಲಿಲ್ಲ. ತಮಾಷೆಯೆಂದರೆ ಇವನಿಗೂ ಅರ್ಥವಾಗಿರಲಿಲ್ಲ! ಕಂಠಪಾಠ ಮಾಡಿದ್ದ, ಅಷ್ಟೇ. ಅವಳು ಪಟ್ಟು ಬಿಡದೆ "ಹಾಗಂದ್ರೆ ಏನು?" ಅಂದಾಗ, ಸ್ವಲ್ಪ ಯೋಚಿಸಿ, "ಊರು ನಮ್ಮನ್ನ ದಬ್ಬುತ್ತೆ, ಪಟ್ಟಣ ಎಳೆಯುತ್ತೆ" ಅಂದ. ಅವಳು, "ಓ, ಪುಷ್ ಅಂಡ್ ಪುಲ್!" ಅಂದಳಂತೆ. ಆ ಗಳಿಗೆಯಲ್ಲಿ ಇಬ್ಬರಿಗೂ ಪಾಠ ಗೊತ್ತಾಯಿತು. ಇಲ್ಲಿ ಕನ್ನಡದ ಕೆಲಸ ಮಾಡುವವರು ಸ್ವಲ್ಪ ಕಿವಿಗೊಡಬೇಕು. ಇಂಗ್ಲಿಷ್ ಒಂದೇ ಗೋಡೆಯಲ್ಲ. ಕನ್ನಡದ ಹೆಸರಿನಲ್ಲಿ ನಾವು ಅಚ್ಚು ಹಾಕುತ್ತಿರುವ ಪಠ್ಯಪುಸ್ತಕದ ಭಾಷೆಯೂ ಹಳ್ಳಿಯ ಹುಡುಗನಿಗೆ ಗೋಡೆಯೇ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಕನ್ನಡದಲ್ಲಿ ಉನ್ನತ ಶಿಕ್ಷಣ ಆಗಲೇಬೇಕು ಅಂತ ಹಟ ಹಿಡಿದರು. ಪುಸ್ತಕಗಳು ಬಂದವು. ಆ ಪುಸ್ತಕದ ಮಾತನ್ನು ತರಗತಿಯಲ್ಲಿ ಬಾಯಿ ಬಿಟ್ಟು ಆಡಿ, ತಿಕ್ಕಿ, ಸವೆಸಿ, ನಯ ಮಾಡುವ ಕೆಲಸ ಮಾತ್ರ ಹಿಂದೆಯೇ ಉಳಿಯಿತು. ನೋಟ್ಸು ಬರೆಸುವ ತರಗತಿಯಲ್ಲಿ ಅದು ಆಗುವ ಮಾತೂ ಅಲ್ಲ.

ಆ ಹುಡುಗಿಯ ತುಂಡು ಲೆಕ್ಕದ್ದು. ರಾವೆನ್‌ಸ್ಟೈನ್ ಎಂಬಾತ 1885ರಲ್ಲೇ ಇಂಗ್ಲೆಂಡಿನ ಜನಗಣತಿ ನೋಡಿ ಹೇಳಿದ್ದ, ಹೆಚ್ಚಿನವರು ವಲಸೆ ಹೋಗುವುದು ಹತ್ತಿರದ ಊರಿಗೇ, ಹತ್ತಿರದ ವಲಸೆಯಲ್ಲಿ ಹೆಂಗಸರೇ ಹೆಚ್ಚು ಅಂತ. 2011ರ ಜನಗಣತಿಯಲ್ಲಿ ನಮ್ಮ ದೇಶದ ವಲಸಿಗರ ಸಂಖ್ಯೆ ಸುಮಾರು 45 ಕೋಟಿ. ಹೆಂಗಸರ ವಲಸೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ಮದುವೆ. ಇದನ್ನು ಹೇಳುತ್ತಾ ಹೇಳುತ್ತಾ ಅವಳೇ ನಿಂತುಬಿಟ್ಟಳಂತೆ. "ಹಾಗಾದ್ರೆ ನಮ್ಮಮ್ಮನೂ ವಲಸಿಗಳೇನಾ?" ಅವರಮ್ಮ ಹಾಸನದ ಕಡೆಯಿಂದ ಮದುವೆಯಾಗಿ ಬಂದವರು. ಐದೂ ಜನ ಲೆಕ್ಕ ಹಾಕಿದರು. ಐವರ ತಾಯಂದಿರೂ ವಲಸಿಗರು!

ಗೆಳೆಯರೇ, ನಾವು "ವಲಸಿಗರು" ಅಂತ ಬ್ಯಾನರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇವೆ. ನಾನೇ ಎಷ್ಟೋ ಸಲ ಅಚ್ಚು ಹಾಕಿದ್ದೇನೆ. ನಮಗೆ ಆ ಪದದ ಅರ್ಥ ಹೊರ ರಾಜ್ಯದವರು ಅಂತ. ಶಿರಾದಿಂದ ಬಂದ ಹುಡುಗನ ಅಪ್ಪ, ಹಾಸನದಿಂದ ಬಂದ ತಾಯಿ, ರಾಯಚೂರಿನಿಂದ ಬಂದು ರಸ್ತೆ ಬದಿ ಟೆಂಟು ಹಾಕಿದ ಕನ್ನಡದ ಕೂಲಿಯವರು ನಮ್ಮ ಬ್ಯಾನರಿನ ಪದದೊಳಗೆ ಬರುವುದೇ ಇಲ್ಲ. ಅವರ ಮಕ್ಕಳ ಶಾಲೆಯ ಬಗ್ಗೆ ನಾವು ಒಂದು ಕರಪತ್ರ ಹಾಕಿದ್ದೇವೆಯೇ? ಭಾಷಣದಿಂದ ಈ ಪ್ರಶ್ನೆ ನನ್ನ ತಲೆಗೆ ಹೋಗಿರಲಿಲ್ಲ. ಇಪ್ಪತ್ತು ವಯಸ್ಸಿನ ಐದು ಜನ ಮುರುಕು ಬೆಂಚಿನ ಮೇಲೆ ಹಿಂದೆ ತಿರುಗಿ ಕೂತು ಆಡಿದ ಮಾತು ಹುಡುಗನ ಬಾಯಿಂದ ಕೇಳಿದಾಗ ಹೋಯಿತು.

ಚೀಟಿ ಎತ್ತಿದಾಗ ಇವನ ಹೆಸರೇ ಬಂತು. ಎದ್ದು ನಿಂತವನಿಗೆ ಮೊದಲ ಎರಡು ನಿಮಿಷ ಮಾತೇ ಹೊರಡಲಿಲ್ಲವಂತೆ. ಆಮೇಲೆ ನಮ್ಮ ಬೈಂಡಿಂಗ್ ಕೋಣೆಯ ಹೆಂಗಸರಿಂದ ಶುರು ಮಾಡಿದ. ಯಾರು ಎಲ್ಲಿಂದ ಬಂದರು, ಯಾಕೆ ಬಂದರು, ಯುಗಾದಿಗೆ ಯಾರು ಊರಿಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ. ಕೊನೆಗೆ ಮಾಲೀಕ ಎಷ್ಟು ಕೂಲಿ ಕೊಡುತ್ತಾನೆ ಅನ್ನುವುದನ್ನೂ ಹೇಳಿಬಂದಿದ್ದಾನೆ! ಮೇಷ್ಟ್ರು ಮುಂದಿನ ವಾರ ಪ್ರೆಸ್ಸಿಗೆ ಬಂದಾಗ ನನ್ನ ಮುಖ ನೋಡಿ ನಕ್ಕರು. ನಾನು ಆ ದೀಪಾವಳಿಗೆ ಕೂಲಿ ಸ್ವಲ್ಪ ಏರಿಸಿದೆ. ಸಮಾಜಶಾಸ್ತ್ರದಿಂದ ನನಗಾದ ಖರ್ಚು ಅದು.

ಎಲ್ಲ ಸುಸೂತ್ರವಾಯಿತು ಅಂತ ತಿಳಿಯಬೇಡಿ. ಬರೀ ಕೂರುವುದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು, ಎರಡು ಪೀರಿಯಡ್ ಒಟ್ಟಿಗೆ ಕೇಳಿ ಪಡೆಯಬೇಕಾಯಿತು. ಪಕ್ಕದ ತರಗತಿಯವರು ಗಲಾಟೆ ಅಂತ ದೂರು ಕೊಟ್ಟರು. ತನ್ನ ತುಂಡು ಓದದೇ ಬಂದವನ ಗುಂಪಿಗೆ ಆ ಪಾಠದ ಒಂದು ಭಾಗವೇ ಸಿಗಲಿಲ್ಲ, ಜಗಳವಾಯಿತು. ಸಿಲಬಸ್ಸಿನಲ್ಲಿ ಒಂದು ಅಧ್ಯಾಯ ಹಿಂದೆ ಬಿತ್ತು. ಸಿಲಬಸ್ಸಿನ ಕಥೆಯೋ, 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಒಂದು, 2024ರಲ್ಲಿ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ವಾಪಸ್ಸು ಅಂತ ಇನ್ನೊಂದು. ಗೈಡುಗಳು ರದ್ದಿಗೆ ಹೋದದ್ದಷ್ಟೇ ನನಗೆ ಗೊತ್ತು.

ಮುಂದಿನ ಪಾಠ ಇನ್ನೂ ಕಠಿಣ. ಪ್ರಬಲ ಜಾತಿ. ಈ ಮಾತನ್ನು ಸಮಾಜಶಾಸ್ತ್ರಕ್ಕೆ ಕೊಟ್ಟವರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ನೋಡಿ ಬರೆದವರು, ಆ ಹಳ್ಳಿಗೆ ರಾಂಪುರ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ನಮ್ಮ ಹಳ್ಳಿಯಿಂದ ಹುಟ್ಟಿದ ವಿಚಾರ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನೋಟ್ಸಾಗಿ, ಮತ್ತೆ ಅದೇ ಹಳ್ಳಿಯ ಹುಡುಗನಿಗೆ ಅರ್ಥವಾಗದ ಹಾಗೆ ಬಂದು ತಲುಪುತ್ತದೆ! ಜನಸಂಖ್ಯೆ, ಭೂಮಿ, ರಾಜಕೀಯ ಬಲ, ಓದು ಮತ್ತು ನೌಕರಿ, ಇವೇ ಶ್ರೀನಿವಾಸರ ಅಳತೆಗೋಲು. ಮೇಷ್ಟ್ರು ಒಂದು ಉಪಾಯ ಮಾಡಿದರು. ನಿಮ್ಮೂರಿಗೆ ಈ ಕೋಲು ಹಾಕಿ ಅಳೆಯಿರಿ, ಆದರೆ ಜಾತಿಯ ಹೆಸರು ಬೇಡ, ಅ, ಆ, ಇ ಅಂತ ಬರೆಯಿರಿ ಅಂದರು. ಆದರೂ ಒಂದು ಗುಂಪಿನಲ್ಲಿ ದನಿ ಏರಿತು. ಒಬ್ಬ ಎದ್ದು ಹೊರಗೆ ಹೋದ. ಮುಂದಿನ ತರಗತಿಗೆ ಬಂದ, ಆದರೆ ಬೇರೆ ಕಡೆ ಕೂತ. ಅದು ಹಾಗೇ ಉಳಿದಿದೆ.

ನಮ್ಮ ಹುಡುಗ ಕಾಲೇಜು ಬಿಡಲಿಲ್ಲ. ಸೆಮಿಸ್ಟರ್‌ನಲ್ಲಿ ಬಂದ ಅಂಕ ದೊಡ್ಡದೇನಲ್ಲ. ಈಗ ಎಂ.ಎ.ಗೆ ಅರ್ಜಿ ಹಾಕಿದ್ದಾನೆ. ಈ ಸಲದ ಮದುವೆ ಸೀಜನ್ನಿಗೆ ಬರುವುದಿಲ್ಲ ಅಂತ ಈಗಲೇ ಹೇಳಿದ್ದಾನೆ.

ಅನುಭವ ಮಂಟಪದ ಮಾತು ನಾನು ಎತ್ತಲಿಲ್ಲ, ಎಲ್ಲರ ಭಾಷಣದಲ್ಲೂ ಬರುತ್ತದೆ ಅಂತ. ನಾನು ಇಷ್ಟು ಹೊತ್ತು ಒಬ್ಬನೇ ಮಾತಾಡಿದ್ದೂ ಈ ವಿಷಯಕ್ಕೆ ಒಪ್ಪುವಂಥದ್ದಲ್ಲ. ಇಲ್ಲಿ ನಲವತ್ತು ಜನ ಇದ್ದೀರಿ. ಈ ಡಬ್ಬಿಯಲ್ಲಿ ಒಂದರಿಂದ ಎಂಟರವರೆಗೆ ಬರೆದ ಚೀಟಿಗಳಿವೆ, ಒಂದೊಂದು ಅಂಕೆಗೆ ಐದೈದು. ಮಡಿಚಿ ತಂದಿರುವ ಹಾಳೆಗಳಲ್ಲಿ 2024ರಲ್ಲಿ ತಿದ್ದುಪಡಿಯಾದ ಕನ್ನಡ ನಾಮಫಲಕದ ಕಾಯ್ದೆ ಐದು ತುಂಡಾಗಿದೆ, ಶೇಕಡಾ 60 ಎಂಬ ಮಾತು ಅದರಲ್ಲಿ ಎಲ್ಲಿದೆ, ಹೇಗಿದೆ ಅಂತ ಓದಿದವರು ಇಲ್ಲಿ ಎಷ್ಟು ಜನವೋ ನೋಡೋಣ. ಪಕ್ಕದಲ್ಲಿ ಕೂತ ಗೆಳೆಯನ ಜೊತೆಗೇ ಇರುತ್ತೇನೆ ಅನ್ನಬೇಡಿ. ಬೆಂಚು ತಿರುಗಿಸಿಕೊಳ್ಳಿ, ಇವು ಬೋಲ್ಟು ಹಾಕಿದವಲ್ಲ.